ನೆರೆಮನೆಯ ಬಾಗಿಲಿನ ಬೇವು

ಆಕೆಯ ಬೆರಳ ತುದಿಗಳು ಸದಾ ಬೆಂದು ಬಿಳಿಚಿಕೊಂಡಿರುತ್ತಿದ್ದವು. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ನನ್ನ ಮನೆಗೆ ಗೋಡೆ ತಾಗಿದ ಮನೆ ಆಕೆಯದು. ಬಿಸಿನೀರಿನಲ್ಲಿ ಬೇಯುವ ರೇಷ್ಮೆಗೂಡಿನ ಎಳೆ ಹಿಡಿದು ನೂಲು ಬಿಚ್ಚುವುದು ಆ ಮನೆಯ ಕಸುಬು. ನನ್ನ ಧರ್ಮಪತ್ನಿ ಕಾಲವಾದ ಮೇಲೆ ನಿತ್ಯಪೂಜೆಗೆ ಹೂ ಬಿಡಿಸಿ ತರುತ್ತಿದ್ದವಳು ಆಕೆಯೇ. ಹೂವಿನ ಬುಟ್ಟಿ ಕೊಟ್ಟು, ನನಗೆಂದು ತಂದ ಕಾಫಿಯ ಲೋಟವನ್ನು ಮಾತ್ರ ಸೆರಗಿನಲ್ಲಿ ಹಿಡಿದು ನಿಲ್ಲುವಳು.

"ಪೂಜೆ ಮುಗೀಲಿ ಮೇಷ್ಟ್ರೆ, ಆಮೇಲೆ ಕೊಡ್ತೀನಿ. ಮೊದ್ಲೇ ಕುಡಿದ್ರೆ ದೇವ್ರೇನೂ ಬೇಜಾರು ಮಾಡ್ಕೊಳ್ಳಲ್ಲ, ನೀವೇ ದಿನವೆಲ್ಲ ಮಾಡ್ಕೊಂಡು ಕೂತಿರ್ತೀರ."

ನನ್ನನ್ನು ಹಾಗೆ ಗದರುವ ಅಧಿಕಾರ ಈ ಲೋಕದಲ್ಲಿ ಇನ್ನಾರಿಗೂ ಉಳಿದಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಬೀದಿಯ ಮಕ್ಕಳಿಗೆಲ್ಲ ಅಮ್ಮ ಬಂದಿತ್ತು. ಆಕೆಗೂ ಜ್ವರ ಬಂದು, ಕಾಲಿನ ಮೇಲೆ ಕೆಂಪು ಚುಕ್ಕೆಗಳೆದ್ದಾಗ ಆಕೆಯ ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಒಗ್ಗರಣೆ ನಿಂತಿತು, ಔಷಧಿಯೂ ನಿಂತಿತು. ದೇವಿ ಬಂದಿರುವಾಗ ಆಸ್ಪತ್ರೆಗೆ ಹೋಗುವ ರೂಢಿ ಆ ಮನೆಯಲ್ಲಿರಲಿಲ್ಲ.

"ಒಳಗೆ ಬರಬೇಡಿ ಮೇಷ್ಟ್ರೆ," ಎಂದಳು ಮಲಗಿದಲ್ಲಿಂದಲೇ. "ಅಲ್ಲಿಂದ್ಲೇ ಒಂದು ಸ್ತೋತ್ರ ಹೇಳಿ. ಈ ವಯಸ್ಸಲ್ಲಿ ಅಮ್ಮ ನನ್ನ ನೆನೆಸ್ಕೊಂಡವ್ಳೆ ನೋಡಿ."

ಹೊಸ್ತಿಲಾಚೆ ನಿಂತು ಹೇಳಿದೆ. ಮರುದಿನ ಆಕೆ ಗಂಡನನ್ನೇ ಗುರುತಿಸದೆ ತೊದಲತೊಡಗಿದಾಗ, ಆತ ತಾಯಿಯ ಮಾತು ಮೀರಿ ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದ, ಅಲ್ಲಿಂದ ಬೆಂಗಳೂರಿಗೆ. ನಾನೂ ಜೊತೆಗಿದ್ದೆ.

ಚುಕ್ಕೆಗಳು ಚರ್ಮದಡಿ ಜಿನುಗಿದ ರಕ್ತವೆಂದರು ವೈದ್ಯರು. ದೇಹವನ್ನು ಕಾಯಬೇಕಾದ ಶಕ್ತಿಯೇ ದೇಹದ ಮೇಲೆ ತಿರುಗಿಬಿದ್ದಿದೆ, ಸಣ್ಣ ಸಣ್ಣ ರಕ್ತನಾಳಗಳಲ್ಲೆಲ್ಲ ಹೆಪ್ಪುಗಟ್ಟುತ್ತಿದೆ, ಬಹಳ ಅಪರೂಪದ ಕಾಯಿಲೆ ಎಂದರು.

"ಹೆಪ್ಪುಗಟ್ತದೆ ಅಂತೀರ, ರಕ್ತ ಜಿನುಗ್ತದೆ ಅಂತೀರ. ಎರಡ್ರಲ್ಲಿ ಯಾವ್ದು ಸಾರ್?" ಎಂದು ಗಂಡ ಕೇಳಿದ.

"ಎರಡೂ. ಹೆಪ್ಪುಗಟ್ಟಿಸೋ ಕಣಗಳೆಲ್ಲ ಒಳಗೇ ಖರ್ಚಾಗಿ ಹೋಗ್ತಿವೆ, ಅದಕ್ಕೇ ಬೇರೆ ಕಡೆ ಸೋರ್ತಿದೆ. ಸ್ವಲ್ಪ ಮೊದ್ಲೇ ಬಂದಿದ್ರೆ..."

ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ಆರಂಭವಾಯಿತು. ಅಷ್ಟರಲ್ಲಿ ಮೆದುಳಿಗೂ ತಗುಲಿತ್ತು. ಆಕೆ ಉಳಿಯಲಿಲ್ಲ. ನನಗೆ ಅಳು ಬರಲಿಲ್ಲ. ಆಸ್ಪತ್ರೆಯ ತಿಳಿಹಸಿರು ಗೋಡೆಯನ್ನು ನೋಡುತ್ತ ಕುಳಿತಿದ್ದೆ.

ತಿಥಿಯ ದಿನ ಆಕೆಯ ಅತ್ತೆ ನನ್ನ ಬಳಿ ಬಂದು ಕುಳಿತರು.

"ಅದು ಅಮ್ಮ ಅಲ್ವಂತೆ ಮೇಷ್ಟ್ರೆ. ಹಂಗಾದ್ರೆ ನಾನು ಅವಳ ಮಂಚದ ಮುಂದೆ ದಿನಾ ಕೈ ಮುಗಿದಿದ್ದು ಯಾರಿಗೆ?"

ಜೀವಮಾನವಿಡೀ ಪುರಾಣಪ್ರವಚನ ಮಾಡಿದವನು ನಾನು. ಕುಡಿಯಲು ನೀರು ಕೇಳಿದೆ. ಅವರು ಎದ್ದುಹೋಗಿ ತಂದುಕೊಟ್ಟರು, ಕುಡಿದೆ.