ತಖ್ತಿನ ಕೆಳಗಿನ ಜಾಗ

ಯಾದಗಿರಿಯಲ್ಲಿ ನಾವು ಮೊದಲು ಹಿಡಿದ ಬಾಡಿಗೆ ಮನೆ ಎರಡೇ ಅಂಕಣದ್ದು. ಮುಂದಿನದು ಪಡಸಾಲೆ, ಹಿಂದಿನದು ಅಡುಗೆಮನೆ. ನಡುವಿನ ಗೋಡೆ ಎದೆಮಟ್ಟಕ್ಕೆ ಬಂದು ಅಲ್ಲೇ ನಿಂತಿತ್ತು. ಮಣ್ಣಿನ ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಮಧ್ಯಾಹ್ನ ಅದರೊಳಗಿಂದ ಇಳಿಯುವ ಬಿಸಿಲು ಒಂದು ರೊಟ್ಟಿಯಷ್ಟು ಅಗಲ ಇರುತ್ತಿತ್ತು. ಆ ರೊಟ್ಟಿ ನೆಲದ ಮೇಲೆ ಜರುಗುತ್ತ ಜರುಗುತ್ತ ಗೋಡೆ ಹತ್ತಿತೆಂದರೆ ಯಜಮಾನರು ಕಚೇರಿಯಿಂದ ಬರುವ ಹೊತ್ತು. ನಾನು ಚಹಾಕ್ಕೆ ನೀರಿಡುತ್ತಿದ್ದೆ.

ನಿಜಾಮನ ಆಳಿಕೆ ಮುಗಿದು ಬಹಳ ದಿನ ಆಗಿರಲಿಲ್ಲ. ಯಜಮಾನರು ತಹಸೀಲ ಕಚೇರಿಯಲ್ಲಿ ಗುಮಾಸ್ತರು. ಶಾಲೆಯಲ್ಲಿ ಓದಿದ್ದೆಲ್ಲ ಉರ್ದು. ಇನ್ನು ಮುಂದೆ ಕನ್ನಡದಲ್ಲೇ ಬರೆಯಬೇಕಾದೀತೆಂದು ಸಂಜೆ ಹೊತ್ತು ಲಾಟೀನಿನ ಮುಂದೆ ಕೂತು ಕೈ ತಿದ್ದಿಕೊಳ್ಳುತ್ತಿದ್ದರು. ನನ್ನದು ಇನ್ನೊಂದು ಬಗೆ. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಳು. ಅಪ್ಪನಿಗೆ ರೈಲ್ವೆ ನೌಕರಿ, ಊರಿಂದೂರಿಗೆ ವರ್ಗ. ಹಾಗಾಗಿ ನನ್ನನ್ನು ಸಿಕಂದರಾಬಾದಿನ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಬಿಟ್ಟಿದ್ದರು. ಅಲ್ಲಿ ಒಬ್ಬೊಬ್ಬ ಹುಡುಗಿಗೆ ಒಂದು ಕಬ್ಬಿಣದ ಮಂಚ, ಮಂಚದ ಕೆಳಗೆ ಒಂದು ಟ್ರಂಕು. ಜಗತ್ತಿನಲ್ಲಿ ನನ್ನದೆನ್ನುವುದೆಲ್ಲ ಆ ಮಂಚದ ಕೆಳಗೇ ಇತ್ತು. ಮದುವೆಯಾಗಿ ಬಂದಾಗ ನನಗೆ ಮನೆ ಹೂಡುವ ವಿದ್ಯೆ ಎಂದು ಗೊತ್ತಿದ್ದದ್ದು ಅಷ್ಟೇ.

ಮನೆಗೆ ಬಂದ ಮೊದಲ ದೊಡ್ಡ ಸಾಮಾನು ಒಂದು ಅಲಮಾರಿ. ಕಚೇರಿಗಳು ಒಂದರೊಳಗೊಂದು ಕೂಡುತ್ತಿದ್ದ ಕಾಲ. ಹಳೇ ಬೆಂಚು, ಮೇಜು, ದಫ್ತರ ಇಡುವ ಅಲಮಾರಿಗಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಹರಾಜು ಹಾಕುತ್ತಿದ್ದರು. ಯಾರಿಗೂ ಬೇಡವಾಗಿ ಉಳಿದದ್ದನ್ನು ಯಜಮಾನರು ತಂದರು. ಒಂದು ಬಾಗಿಲು ಸೊಟ್ಟ, ಇನ್ನೊಂದು ಬಾಗಿಲೇ ಇಲ್ಲ. ಒಳಗೆ ಮಾತ್ರ ತುಂಬ ಖಾನೆಗಳು. ಖಾನೆ ಖಾನೆಯ ಅಂಚಿಗೆ ಬಿಳಿ ಬಣ್ಣದಲ್ಲಿ ಉರ್ದು ಅಕ್ಷರ.

"ಏನು ಬರದಾರ್ರಿ ಇದರ ಮ್ಯಾಲ?"

"ಊರ ಹೆಸರು. ಆಯಾ ಊರಿನ ಕಾಗದ ಆಯಾ ಖಾನಿಯೊಳಗ ಇಡ್ತಿದ್ರು. ಇದು ನೋಡು, ರಾಮಸಮುದ್ರ."

"ಕೆರದು ತಗೀಲೇನ್ರಿ?"

ಅವರು ಸ್ವಲ್ಪ ಹೊತ್ತು ಅಕ್ಷರಗಳ ಮೇಲೆ ಬೆರಳಾಡಿಸಿದರು. "ಇರ್ಲಿ ಬಿಡು. ಓದಾಂವ ನಾ ಒಬ್ಬನರೆ ಇದ್ದೀನಲ್ಲ."

ಅಕ್ಷರ ಉಳಿಸಿ ಉಳಿದದ್ದನ್ನೆಲ್ಲ ಕೆರೆದೆ. ಒಡೆದ ಗಾಜಿನ ಚೂರಿನಿಂದ ಹಳೇ ಬಣ್ಣ ಎಬ್ಬಿಸಿ, ಉಸುಕು ಕಾಗದದಿಂದ ತಿಕ್ಕಿದೆ. ಕಾನ್ವೆಂಟಿನಲ್ಲಿ ಶನಿವಾರ ಶನಿವಾರ ಪ್ರಾರ್ಥನೆಯ ಬೆಂಚುಗಳಿಗೆ ಎಣ್ಣೆ ಹಚ್ಚಿ ಉಜ್ಜುವ ಕೆಲಸ ನಮ್ಮ ಪಾಲಿಗಿತ್ತು. ಸಿಸ್ಟರ್ ಒಂದು ಬಾಟಲಿಯಿಂದ ಹನಿ ಹನಿ ಲೆಕ್ಕ ಹಾಕಿ ಕೊಡುತ್ತಿದ್ದರು. ಅದನ್ನು ಲಿನ್ಸೀಡ್ ಎಣ್ಣೆ ಎನ್ನುತ್ತಿದ್ದರು. ಹಡಗಿನಲ್ಲಿ ಬರುವ ವಸ್ತು ಇರಬೇಕೆಂದು ನಾನು ತಿಳಿದಿದ್ದೆ. ಯಾದಗಿರಿಯ ಗಾಣದ ಮುಂದೆ ಹಾಯುವಾಗ ಒಂದು ದಿನ ಅದೇ ವಾಸನೆ ಮೂಗಿಗೆ ಬಡಿದು ಕಾಲು ನಿಂತೇ ಬಿಟ್ಟವು. ಕೇಳಿದರೆ ಅಗಸಿ ಎಣ್ಣೆ. ನಾವು ದಿನಾ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ಅಗಸಿ ಹಿಂಡಿಯ ಅಗಸಿ. ಅದನ್ನೇ ಕಾಸಿ, ಒಂದಿಷ್ಟು ಜೇನುಮೇಣ ಕರಗಿಸಿ ಅಲಮಾರಿಗೆ ಹಚ್ಚಿದೆ. ಬಿಸಿಲಿಗೆ ಒಣಗಿದ ಮೇಲೆ ಅದು ಸಿಪ್ಪೆ ಸುಲಿದ ಹುಣಸೆಹಣ್ಣಿನ ಬಣ್ಣಕ್ಕೆ ಬಂತು. ಯಜಮಾನರು ಒಳಗೆ ಬಂದವರು, ಬೇರೆಯವರ ಮನೆಗೆ ಬಂದೆನೇನೋ ಎನ್ನುವಂತೆ ಹೊರಗೆ ಹೋಗಿ ಬಾಗಿಲು ನೋಡಿ ಮತ್ತೆ ಬಂದರು. ಹೀಗೆ ಚೇಷ್ಟೆ ಮಾಡುವುದು ಅವರಿಗೆ ಸಹಜವಾಗಿತ್ತು.

ಆ ವರ್ಷ ನಾನು ಬಸುರಿಯಾದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಕಡೆ ವಾಡಿಕೆ. ನನ್ನ ತವರೆಂದರೆ ಅಪ್ಪನ ರೈಲ್ವೆ ಕ್ವಾರ್ಟರ್ಸು, ಹೆಂಗಸರೇ ಇಲ್ಲದ ಮನೆ. ನೆರೆಹೊರೆಯವರು "ತವರಿಗಿ ಯಾವಾಗ ಹೋಗ್ತೀ?" ಎಂದು ಕೇಳಿದಾಗ "ನೋಡಬೇಕ್ರಿ" ಎಂದು ನಕ್ಕು ಒಳಗೆ ಬರುತ್ತಿದ್ದೆ. ಅತ್ತೆ ಬಂದು ಹತ್ತಿರ ಇದ್ದರೆ ಎಂಬ ಆಸೆ ಇತ್ತು. ಬಾಯಿಬಿಟ್ಟು ಕೇಳುವ ಧೈರ್ಯ ಇರಲಿಲ್ಲ.

ಅತ್ತೆ ಸುರಪುರದಲ್ಲಿ ಭಾವನ ಮನೆಯಲ್ಲಿದ್ದರು. ಅಲ್ಲಿ ಮಕ್ಕಳು ಬೆಳೆದು ಪಡಸಾಲೆ ಇಕ್ಕಟ್ಟಾಗಿತ್ತು. ಅತ್ತೆಯ ತಖ್ತನ್ನು, ಆ ಅಗಲವಾದ ಮರದ ಮಂಚವನ್ನು, ದನದ ಕೊಟ್ಟಿಗೆಗೆ ಹಾಕೋಣವೆಂದು ಯಾರೋ ಅಂದರಂತೆ. ಆ ತಖ್ತು ಸಗರದಿಂದ ಬಂದದ್ದು, ಅತ್ತೆಯ ತವರಿನದು. ಅವರಪ್ಪ ತಮ್ಮ ಹೊಲದ ಬೇವಿನ ಮರ ಕಡಿಸಿ, ಮಗಳ ಮದುವೆಗೆ ಮಾಡಿಸಿ ಕೊಟ್ಟದ್ದು. ಕೊಟ್ಟಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಯಾದಗಿರಿ ಪೇಟೆಗೆ ಹತ್ತಿ ಹೇರಿಕೊಂಡು ಹೊರಟ ಬಂಡಿಯಲ್ಲಿ ಅತ್ತೆ ತಖ್ತು ಹಾಕಿಸಿ ತಾವೂ ಹತ್ತಿ ಕೂತರು. ಶಹಾಪುರದಲ್ಲಿ ಒಂದು ವಸತಿ ಮಾಡಿ, ಭೀಮಾ ದಾಟಿ ನಮ್ಮ ಓಣಿಗೆ ಬಂದದ್ದನ್ನು ನಾನು ಈಗಲೂ ಕಾಣಬಲ್ಲೆ: ಹತ್ತಿ ಅಂಡಿಗೆಗಳ ಮೇಲೆ ಕಾಲು ಮೇಲಾಗಿ ಮಲಗಿದ ತಖ್ತು, ಆ ನಾಲ್ಕು ಕಾಲುಗಳ ನಡುವೆ ಮೇಣೆಯಲ್ಲಿ ಕೂತಂತೆ ಅತ್ತೆ. ಹಣೆಯ ತುಂಬ ವಿಭೂತಿ, ಸೆರಗಿನ ತುಂಬ ಹತ್ತಿಯ ಎಳೆ.

ಇಳಿದವರೇ ಪಡಸಾಲೆಯನ್ನು ಒಮ್ಮೆ ಕಣ್ಣಲ್ಲೇ ಅಳೆದರು.

"ಮನಿ ಅಲ್ಲೋ ಇದು, ಕಡ್ಡಿಪೆಟ್ಟಿಗಿ," ಎಂದರು ಮಗನಿಗೆ. "ಈ ತಖ್ತಿಗಿ ಜಾಗ ಆದ್ರ ನನಗೂ ಆದೀತು. ಆಗ್ಲಿಲ್ಲಂದ್ರ ಅಮಾಸಿಗಿ ಬಂಡಿ ಮತ್ತ ಬರ್ತದ. ಇಬ್ಬರೂ ಹೋಗ್ತೀವಿ."

ತಖ್ತು ಪಡಸಾಲೆಯ ಮುಕ್ಕಾಲು ಪಾಲು ತಿಂದಿತು. ಜೋಳದ ಚೀಲ, ನನ್ನ ಟ್ರಂಕು, ಬೇಳೆಯ ಗಡಿಗೆಗಳು ಓಡಾಡುವ ದಾರಿಗೆ ಬಂದು ಕೂತವು. ಯಜಮಾನರು ಒಬ್ಬ ಬಡಿಗನನ್ನು ಕರೆತಂದರು. ಅವನು ತಖ್ತಿನ ಸುತ್ತ ಎರಡು ಸಲ ಸುತ್ತಿದ.

"ಒಂದು ಮಗ್ಗಲಿಗಿ ಎರಡು ಗೇಣು ಕೊಯ್ದ್ರ ಸಾಕ್ರಿ ಅವ್ವಾರ. ಸರಿಯಾಗಿ ಕೂಡ್ತದ."

ಅತ್ತೆ ಅವನ ಕಾಲು ನೋಡಿದರು. "ನೀನೂ ಬಾಳ ಉದ್ದ ಅದಿಯಪ್ಪ. ನಿನ್ನ ಎರಡು ಗೇಣು ಕೊಯ್ಯಲೇನು? ಬಾಗಿಲು ತಲಿಗಿ ಬಡಿಯೂದು ತಪ್ಪತದ."

ಬಡಿಗ ನಗುತ್ತ ಚೀಲ ಎತ್ತಿಕೊಂಡ. ಚಹಾ ಕುಡಿದು, ಅಲಮಾರಿಯ ಸೊಟ್ಟ ಬಾಗಿಲು ನೆಟ್ಟಗೆ ಮಾಡಿ ಹೋದ.

ಆಗ ನನಗೆ ಬೋರ್ಡಿಂಗಿನ ಬುದ್ಧಿ ಹೊಳೆಯಿತು. ಅಂಗಳದ ಮೂಲೆಯಲ್ಲಿ ಫರಸಿ ಕಲ್ಲಿನ ತುಂಡುಗಳು ಬಿದ್ದಿದ್ದವು. ಅವನ್ನು ಒಂದರ ಮೇಲೊಂದು ಇಟ್ಟು ತಖ್ತಿನ ಕಾಲುಗಳನ್ನು ಎತ್ತರಿಸಿದರೆ ಕೆಳಗೊಂದು ಉಗ್ರಾಣವೇ ಆಗುತ್ತದೆ. ಯಜಮಾನರು ಕಲ್ಲು ಹೊತ್ತರು, ನಾನು ಸೊಟ್ಟ ಯಾವುದು ನೆಟ್ಟಗೆ ಯಾವುದು ಎಂದು ತೋರಿಸಿದೆ. ತಖ್ತನ್ನು ಒಲೆಯ ಬೂದಿ ಹಾಕಿ ತೊಳೆದು, ಒಣಗಿಸಿ, ಅದಕ್ಕೂ ಅಗಸಿ ಎಣ್ಣೆ ಹಚ್ಚಿದೆ. ಬೇವಿನ ಕಟ್ಟಿಗೆಯ ಕೆಂಪು ಎಳೆಗಳು ಮೇಲೆದ್ದು ಬಂದವು. ಕೆಳಗೆ ಜೋಳದ ಚೀಲಗಳು, ಅವುಗಳ ಪಕ್ಕ ತೊಗರಿ, ಕಡಲೆ, ಬೆಲ್ಲದ ಗಡಿಗೆ. ಮುಂದೆ ಹಳೇ ಸೀರೆಯ ಪರದೆ. ಅಲಮಾರಿಯನ್ನು ತಿರುಗಿಸಿ ಅದರ ಬೆನ್ನು ತಖ್ತಿನ ಕಡೆ ಬರುವಂತೆ ನಿಲ್ಲಿಸಿದೆವು. ಅತ್ತೆ ಬೆಳಗಿನಲ್ಲಿ ಲಿಂಗಪೂಜೆಗೆ ಕೂತಾಗ ಓಡಾಡುವವರ ಕಣ್ಣು ಬೀಳಬಾರದೆಂದು. ಅಲಮಾರಿಯೊಳಗೆ ಬಟ್ಟೆ, ನನ್ನ ಪುಸ್ತಕ, ಅವರ ಕಾಗದಪತ್ರ.

ಅತ್ತೆ ಹೊಸ್ತಿಲ ಬಳಿ ಕೂತು ಎಲ್ಲ ನೋಡಿದರು. "ಛಲೋ ಆತವ್ವ," ಎಂದರು. ಅಷ್ಟೇ.

ಮರುದಿನ ಬೆಳಿಗ್ಗೆ ಅತ್ತೆಯ ತೋಳಿನ ಮೇಲೆ ಚಾಪೆಯ ಗೀರುಗಳು ಮೂಡಿದ್ದವು. ತಖ್ತಿನ ಮೇಲೆ ನಾನು ಹಾಸಿದ ಕೌದಿ ಒಂದು ಸುಕ್ಕೂ ಇಲ್ಲದೆ ಹಾಗೇ ಇತ್ತು.

"ಅತ್ತಿ, ಕೆಳಗ ಮಲಗಿದ್ರೇನು?"

"ನನ್ನ ಬೆನ್ನಿಗಿ ನೆಲಾನೇ ಛಲೋ ನೋಡವ್ವ."

ಅದರ ಮಾರನೆಯ ದಿನವೂ ಹಾಗೇ. ಪೂಜೆಗೂ ಅವರು ತಖ್ತು ಹತ್ತುತ್ತಿರಲಿಲ್ಲ. ಬಾಗಿಲ ಸಂದಿಯಲ್ಲಿ ಒಂದು ಮಣೆ ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಎದ್ದ ಮೇಲೆ ತಖ್ತಿನ ಹತ್ತಿರ ಬಂದು, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ತವರಿನ ಮೇಲೆ ಎಂಥ ಪ್ರೀತಿ ಎಂದುಕೊಂಡೆ. ಇಷ್ಟು ಪ್ರೀತಿಯಿದ್ದೂ ಅದರ ಮೇಲೆ ಕೂರುವುದಿಲ್ಲವೆಂದರೆ ನನ್ನ ಕೈಯ ಎಣ್ಣೆ ಹತ್ತಿದ್ದಕ್ಕೇ ಇರಬೇಕು, ಕಾನ್ವೆಂಟಿನಲ್ಲಿ ಬೆಳೆದವಳೆಂಬ ಸಂಕೋಚವೇ ಇರಬೇಕು ಎಂದೂ ಅನ್ನಿಸಿತು. ಅಮಾವಾಸ್ಯೆ ಹತ್ತಿರ ಬಂತು. ಅತ್ತೆ ತಮ್ಮ ಸೀರೆಗಳನ್ನು ಮಡಿಸಿ ಒಂದು ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟರು. ನಾನು ಅದನ್ನು ನೋಡಿಯೂ ನೋಡದಂತೆ ಅತ್ತಿಂದಿತ್ತ ಓಡಾಡಿದೆ. ಒಲೆಯ ಮುಂದೆ ಕೂತಾಗ ಮಾತ್ರ ಹೊಗೆಯ ನೆವದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತೆ ಬೆಳಕಿಂಡಿಯ ಬಿಸಿಲಿನಲ್ಲಿ ಕೂತು, ನನ್ನೊಡನೆ ಮಾತಾಡುತ್ತ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಒಂದು ಕಾಳು ಸಿಡಿದು ಅವರ ಪಾದದ ಕೆಳಗೆ ಹೋಯಿತು. ಅತ್ತೆ ಕೈಯ ಕೆಲಸ ನಿಲ್ಲಿಸಿ, ಕಾಲು ಸರಿಸಿ, ಆ ಒಂದು ಕಾಳನ್ನು ಹೆಕ್ಕಿ, ಎರಡೂ ಕಣ್ಣಿಗೆ ಒತ್ತಿಕೊಂಡು ಮೊರಕ್ಕೆ ಹಾಕಿದರು. ಮಾತು ನಡುವೆ ಎಲ್ಲೂ ತುಂಡಾಗಲಿಲ್ಲ. ಉಸಿರಾಡಿದಷ್ಟು ಸಹಜವಾಗಿ ನಡೆದುಹೋಯಿತು.

ನಾನು ತಖ್ತಿನ ಕಡೆ ತಿರುಗಿದೆ. ಪರದೆಯ ಕೆಳಗಿಂದ ಜೋಳದ ಚೀಲದ ಮೂಲೆ ಕಾಣುತ್ತಿತ್ತು. ಅತ್ತೆ ದಿನಾ ಬಗ್ಗಿ ಮುಟ್ಟುತ್ತಿದ್ದದ್ದು ತಖ್ತನ್ನಲ್ಲ.

"ಅತ್ತಿ, ಜೋಳದ ಮ್ಯಾಲ ಮಲಗಬಾರದೇನ್ರಿ?"

ಅತ್ತೆ ಮೊರ ಎರಡು ಸಲ ಕೇರಿದರು. "ಬಾರದು ಅಂತ ಯಾರು ಹೇಳ್ಯಾರ. ನನಗ ಆಗೂದಿಲ್ಲ, ಅಷ್ಟ. ಉಣ್ಣೂ ಕಾಳಿನ ಮ್ಯಾಲ ಕಾಲು ಚಾಚಿ ಹ್ಯಾಂಗ ಮಲಗಲಿ?"

"ಅವತ್ತೇ ಒಂದು ಮಾತು ಹೇಳಬೇಕಾಗಿತ್ತಲ್ರಿ."

"ಎಷ್ಟು ಹುರುಪಿಲೆ ಜೋಡಿಸಿದ್ದಿ. ಅದೂ ಎರಡು ಜೀವದಾಕಿ. ಬಂದು ಕಾಲು ತೊಳಕೊಳ್ಳೂದರಾಗ ತಪ್ಪು ಹೇಳಲೇನು? ನಾ ಏನು ನಾಲ್ಕು ದಿನ ಇದ್ದು ಹೋಗಾಕಿ."

"ನನಗ ತಪ್ಪು ಹೇಳೋರು ಯಾರೂ ಇಲ್ರಿ, ಅತ್ತಿ," ಎಂದೆ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಂತು. "ಊರಾನವರೆಲ್ಲ ತವರಿಗಿ ಯಾವಾಗ ಹೋಗ್ತಿ ಅಂತಾರ. ನೀವು ಇಲ್ಲೇ ನನ್ನ ಹತ್ರ ಇರಬೇಕ್ರಿ."

ಅತ್ತೆ ಮೊರದ ಹೊಟ್ಟನ್ನು ಊದಿದರು. ಮೊರವನ್ನು ಗೋಡೆಗೆ ಆನಿಸಿ ಎದ್ದು ಸೆರಗು ಸೊಂಟಕ್ಕೆ ಸಿಗಿಸಿದರು.

"ಆ ಅಲಮಾರಿಯಾಗಿನ ಅರಿವಿ ತಗಿ ಮೊದಲ."

ಸಂಜೆಯವರೆಗೆ ಮನೆ ತಿರುಗುಮುರುಗಾಯಿತು. ಕೆಳಗಿನ ಅಗಲವಾದ ಖಾನೆಗಳಿಗೆ ಜೋಳ, ಮೇಲಿನವಕ್ಕೆ ಬೇಳೆಕಾಳು. ಯಜಮಾನರು ಬಂದವರು ಖಾನೆಗಳ ಹೆಸರು ಓದಿ ಹೇಳಿದರು. ಅಂದಿನಿಂದ ಎಷ್ಟೋ ವರ್ಷ ನಮ್ಮ ಮನೆಯಲ್ಲಿ "ರಾಮಸಮುದ್ರದಾಗಿನ ತೊಗರಿಬ್ಯಾಳಿ ತಾ" ಎಂದೇ ಮಾತು. ಬಂದವರಿಗೆ ನಮ್ಮದು ಅಲ್ಲೆಲ್ಲ ಹೊಲ ಇದೆಯೇನೋ ಎನ್ನಿಸಿರಬೇಕು.

ತಖ್ತಿನ ಕೆಳಗೆ ಇನ್ನೇನಿಡುವುದೆಂದು ನಾನು ನನ್ನ ಟ್ರಂಕನ್ನು ತಳ್ಳಿಕೊಂಡು ಬಂದೆ.

"ಏನದ ಅದರಾಗ?"

"ಪುಸ್ತಕ ರೀ."

"ಬ್ಯಾಡ. ಅದು ಸರಸ್ವತಿ."

ಕಸಬರಿಗೆ ಒಯ್ದೆ. "ಅದು ಲಕ್ಷ್ಮಿ." ಯಜಮಾನರು ತಮ್ಮ ಬೂಟು ಎತ್ತಿ ತೋರಿಸಿದರು. "ಮ್ಯಾಲ ನಾ ಲಿಂಗ ಹಿಡಕೊಂಡು ಕೂಡ್ತೀನಿ, ಕೆಳಗ ನಿನ್ನ ತೊಗಲು ಇಡ್ತೀಯೇನೋ ಮೂಳ?" ಎಂದು ಅತ್ತೆ ಗದರಿದರು.

"ಹಂಗಾದ್ರ ನಾನೇ ಹೋಗಿ ಕೂಡ್ತೀನಿ ತಗೊ ಎವ್ವಾ," ಎಂದರು ಯಜಮಾನರು. "ಉಳದದ್ದೆಲ್ಲಾ ದೇವರ ಅದಾವ ಈ ಮನ್ಯಾಗ."

ಅತ್ತೆಗೂ ನಗು ಬಂತು. ತಖ್ತಿನ ಮೇಲೆ ಕೂತಲ್ಲಿಂದಲೇ ಬಗ್ಗಿ ಪರದೆ ಎತ್ತಿ ಕೆಳಗಿನ ಬರಿದು ಜಾಗ ನೋಡಿದರು.

"ಏನೂ ಇಡಬ್ಯಾಡ್ರಿ. ಕಲ್ಲು ತಗದು ತಖ್ತು ಮೊದಲಿನಂಗ ಇಳಸ್ರಿ, ನನ್ನ ಕಾಲು ನೆಲಕ್ಕ ಹತ್ತವಲ್ವು. ಕೆಳಗ ಖಾಲೀನೆ ಇರ್ಲಿ. ಇಷ್ಟು ಸಣ್ಣ ಮನ್ಯಾಗ ನಾಳಿ ಕೂಸು ಅಂಬೆಗಾಲು ಇಡೂದರೆ ಎಲ್ಲಿ?"

ಆಮೇಲೆ ನಾನು ಬಹಳ ಮನೆಗಳನ್ನು ಹೂಡಿದ್ದೇನೆ. ನಾರಾಯಣಪುರದ ಡ್ಯಾಮಿನ ಹತ್ತಿರ ಮಗನಿಗೆ ಸಿಕ್ಕ ಕ್ವಾರ್ಟರ್ಸಿನಲ್ಲೂ ನಾನೇ ಸಾಮಾನು ಜೋಡಿಸಿದ್ದು. ಪ್ರತಿ ಸಲವೂ ಎಲ್ಲಿ ಏನಿಡಬೇಕೆಂದು ನಾನು ಯೋಚಿಸಿದರೆ, ಅತ್ತೆ ಎಲ್ಲಿ ಏನಿಡಬಾರದೆಂದು ಮೊದಲು ನೋಡುತ್ತಿದ್ದರು. ಅವರು ಹೋದ ಮೇಲೆ ಆ ಅರ್ಧ ಕೆಲಸವನ್ನೂ ನಾನೇ ಮಾಡುವಂತಾಯಿತು.

ಆ ಸಲದ ಅಮಾವಾಸ್ಯೆಯ ಹಿಂದಿನ ದಿನ ಸುರಪುರದ ಬಂಡಿ ಬಂತು. ಪೇಟೆಯಲ್ಲಿ ಹತ್ತಿ ಇಳಿಸಿ, ಬಂಡಿಯಾತ ನಮ್ಮ ಬಾಗಿಲಲ್ಲಿ ಎತ್ತು ನಿಲ್ಲಿಸಿದ. ಒಳಗೆ ಯಜಮಾನರು ತಖ್ತಿನ ಪಕ್ಕದ ಗೋಡೆಗೆ ಗೂಟ ಬಡಿಯುತ್ತಿದ್ದರು, ಅತ್ತೆಯ ಪೂಜೆಯ ಚೀಲಕ್ಕೆ.

"ಅಲ್ಲಲ್ಲ, ಮ್ಯಾಲಾತು. ನನ್ನ ಕೈಗಿ ಎಟುಕೂವಂಗ ಬಡಿ. ಕಚೇರ್ಯಾಗ ಏನು ಕೆಲಸ ಮಾಡ್ತಿ ನೀ?"

"ಅವ್ವಾರ, ಹೊರಡೂಣೇನ್ರಿ?" ಎಂದ ಬಂಡಿಯಾತ ಬಾಗಿಲಿಂದ.

ನಾನು ಚಹಾದ ಬಟ್ಟಲು ಹಿಡಿದು ನಿಂತಲ್ಲೇ ನಿಂತೆ. ಅತ್ತೆ ಗೂಟವನ್ನು ಹಿಡಿದು ಜಗ್ಗಿ ನೋಡಿ, ಚೀಲ ಸಿಗಿಸಿದರು.

"ನನ್ನ ಇನ್ನೊಂದು ಕೌದಿ ಅಲ್ಲೇ ಉಳದದ," ಎಂದರು ಅವನಿಗೆ. "ಮುಂದಿನ ಸಲ ಬರೂಮುಂದ ತಗೊಂಡು ಬಾ."