ಪಿಯಾನೋ ಮಾವ ಮತ್ತು ಅಟ್ಟದ ಕಾಯಿ

ನಮ್ಮ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಬಸ್ಸು, ಕರೆಂಟು, ಮೋಟ್ರು ಎಲ್ಲ ಇಂಗ್ಲಿಷೇ ಎಂದರೆ ಇವತ್ತಿಗೂ ನಂಬುವುದಿಲ್ಲ. ಆದರೂ ನಾನು ಇಂಗ್ಲಿಷಿನ ದೊಡ್ಡ ಪರೀಕ್ಷೆಗೆ ಕೂತ ವರ್ಷ ನನ್ನ ಮಾತು ತಿದ್ದಿದವರು ಅವರೇ. ನಾನು ತುಮಕೂರಿಗೆ ಕೋಚಿಂಗಿಗೆ ಹೋಗುತ್ತಿದ್ದೆ ಎಂದು ಊರವರು ತಿಳಿದಿದ್ದಾರೆ. ಬಿಳಿಗೆರೆ ಪಕ್ಕದ ನಮ್ಮ ಮನೆಯ ಅಟ್ಟದ ಮೇಲೆ, ತೆಂಗಿನಕಾಯಿ ರಾಶಿಗೆ ಒರಗಿಕೊಂಡು ಓದಿದೆ ಎಂದರೆ ಯಾರು ಒಪ್ಪುತ್ತಾರೆ?

ಆಗ ತಿಪಟೂರಿನ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಎಬಿಸಿಡಿ ಹೇಳಿಕೊಡುತ್ತಿದ್ದೆ. ಹೈಸ್ಕೂಲಿಗೆ ಇಂಗ್ಲಿಷ್ ಪಾಠ ಮಾಡಬೇಕೆಂಬುದು ನನ್ನ ಬಹುದಿನದ ಆಸೆ. ಎಂ.ಎ. ಮಾಡಿದ್ದೆ, ಬರೆಯಲು ಬರುತ್ತಿತ್ತು. ಮಾತಾಡಲು ನಿಂತರೆ ಮಾತ್ರ ನನ್ನೊಳಗಿನ ಕನ್ನಡ ಮೀಡಿಯಂ ಹುಡುಗಿ ನಾಲಿಗೆ ಹಿಡಿದುಕೊಳ್ಳುತ್ತಿದ್ದಳು. ‘ಆ ಪರೀಕ್ಷೆ ಪಾಸು ಮಾಡ್ಕೊಂಡು ಬನ್ನಿ ಮೇಡಂ, ಜೂನಿಂದ ಹೈಸ್ಕೂಲು ನಿಮ್ಮದೇ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ’ ಎಂದು ಆಡಳಿತದವರು ನಗುನಗುತ್ತಲೇ ಹೇಳಿದರು. ಆ ನಗು ನೋಡಿ ಮೈ ಉರಿದುಹೋಯಿತು. ಪಾಸಾಗದೆ ಬಿಡುವುದಿಲ್ಲ ಎಂದುಕೊಂಡು ಮನೆಗೆ ಬಂದೆ.

ನಮ್ಮ ಕಡೆ ಕೊಬ್ಬರಿ ಮಾಡುವವರಿಗೆ ಅವಸರ ನಡೆಯುವುದಿಲ್ಲ. ಕಿತ್ತ ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಕಾಯಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆದದ್ದು ತಿಳಿಯುವುದು ಕಿವಿಯಿಂದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಕೊಬ್ಬರಿ ಲೊಡಲೊಡ ಎನ್ನುತ್ತದೆ, ಆಗದ್ದು ಗುಳುಗುಳು ಎನ್ನುತ್ತದೆ. ನೀರಿರುವಾಗಲೇ ಒಡೆದರೆ ಅತ್ತ ಕಾಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

ಶಾಲೆ ಬಿಟ್ಟು ಬಂದು ಅಟ್ಟ ಹತ್ತಿದರೆ ಅತ್ತೆ ಅಲ್ಲಿ ಕಾಯಿ ಆರಿಸುತ್ತಾ ಕೂತಿರುತ್ತಿದ್ದರು. ನಾನು ಗೈಡಿನ ಉತ್ತರಗಳನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದೆ. ಅದರಲ್ಲಿ ಒಂದು, ‘ನಿಮ್ಮ ಮನೆಯವರೊಬ್ಬರ ಕೌಶಲದ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೆ ಬರೆದಿದ್ದ ಉತ್ತರ. ಅದರೊಳಗೆ ಒಬ್ಬ ಅಂಕಲ್ ಸೊಗಸಾಗಿ ಪಿಯಾನೋ ನುಡಿಸುತ್ತಿದ್ದರು. ಒಂದೂ ತಪ್ಪಿಲ್ಲದೆ ಹೇಳಿ ಮುಗಿಸಿದೆ.

‘ನೀರು ಅಲ್ಲಾಡ್ತೈತೆ ಕಣೇ’ ಎಂದರು ಅತ್ತೆ.

‘ಯಾವ ಕಾಯಲ್ಲಿ?’

‘ನಿನ್ನ ಮಾತಲ್ಲಿ. ಏನಂತ ಅಂದೆ?’

‘ನಮ್ಮ ಮಾವ ಪಿಯಾನೋ ಬಾರಿಸ್ತಾರೆ ಅಂತ ಕಣತ್ತೆ.’

ಅತ್ತೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. ಗೈಡಿನ ಅಂಕಲ್ ಅವರ ಕಿವಿಯಲ್ಲಿ ತೀರಿಹೋದ ತಮ್ಮ ಗಂಡನೇ ಆಗಿಬಿಟ್ಟಿದ್ದರು. ‘ನಿಮ್ಮಾವನಾ? ಭಜನೇಲಿ ತಾಳ ತಪ್ಸಿ ಊರೋರ ಹತ್ರೆಲ್ಲ ಬೈಸ್ಕಂಡೋರು. ಇಂಗ್ಲೀಸಲ್ಲಾದ್ರೂ ನಿಜ ಹೇಳೇ.’

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಂದಿನಿಂದ ಅವರು ಕಾಯಿಯ ಜೊತೆ ನನ್ನನ್ನೂ ಆರಿಸತೊಡಗಿದರು. ತಡವರಿಸಿದರೂ ನನ್ನದೇ ಮಾತು ಹೇಳಿದರೆ ಸುಮ್ಮನಿರುತ್ತಿದ್ದರು, ಬಾಯಿಪಾಠ ಶುರುವಾದರೆ ‘ನೀರು’ ಎನ್ನುತ್ತಿದ್ದರು. ಒಂದಕ್ಷರ ಅರ್ಥವಾಗದೆ ಹೇಗೆ ಹಿಡಿಯುತ್ತಿದ್ದರೋ ನನಗಂತೂ ತಿಳಿಯದು. ಒಮ್ಮೆ ಆಲಿಸುವ ಪರೀಕ್ಷೆಯ ಹೆಡ್‌ಫೋನನ್ನು ಅವರ ಕಿವಿಗೇ ಹಾಕಿದೆ. ಸ್ವಲ್ಪ ಹೊತ್ತು ಕೇಳಿ, ‘ಪಾಪ, ಇವನಿಗೆ ನೆಗಡಿ’ ಎಂದು ತೆಗೆದುಕೊಟ್ಟರು.

ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿ. ಮಾತಿನ ಪರೀಕ್ಷೆಗೆ ನನ್ನೆದುರು ಕೂತಿದ್ದ ಹಿರಿಯ ಹೆಂಗಸು ಕೊಟ್ಟ ಚೀಟಿಯಲ್ಲಿ ಅದೇ ಪ್ರಶ್ನೆ ಇತ್ತು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂದುಕೊಂಡೆ. ಪಿಯಾನೋ ಅಂಕಲ್ ನಾಲಿಗೆಯ ತುದಿಯಲ್ಲೇ ಇದ್ದರು. ಬಾಯಿ ತೆರೆದು ಒಂದು ವಾಕ್ಯ ಹೇಳಿದೆ, ನೀರಿನ ಸದ್ದು ನನಗೇ ಕೇಳಿಸಿತು. ಕ್ಷಮೆ ಕೇಳಿ ನಿಲ್ಲಿಸಿದೆ. ಆಮೇಲೆ ಅತ್ತೆಯ ಕಿವಿಯ ಬಗ್ಗೆ ಮಾತಾಡಿದೆ. ನಮಗೆ ಎಳನೀರು ಬೇರೆ, ಕಾಯಿ ಬೇರೆ, ಕೊಬ್ಬರಿ ಬೇರೆ. ಇಂಗ್ಲಿಷಿನಲ್ಲಿ ಎಳೆಯದೋ ಒಣಗಿದ್ದೋ ಎಂದು ಸೇರಿಸಿ ಎಲ್ಲದಕ್ಕೂ ಕೋಕೊನಟ್ ಎಂದೇ ಹೇಳಬೇಕು. ಲೊಡಲೊಡಕ್ಕೆ ಇಂಗ್ಲಿಷ್ ಸಿಗದೆ ಮುಷ್ಟಿ ಕಟ್ಟಿ ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದೆ. ಆಕೆಯೂ ತಮಗೇ ಗೊತ್ತಿಲ್ಲದಂತೆ ಮುಷ್ಟಿಯನ್ನು ಕಿವಿಗೆ ಒಯ್ದರು.

ಪಾಸಾದೆ. ಜೂನಿನಲ್ಲಿ ಹೈಸ್ಕೂಲಿಗೆ ಹೋದೆ, ಈಗಲೂ ಅಲ್ಲೇ ಇದ್ದೇನೆ. ಆದರೆ ಆ ಸಂಜೆಗಳಷ್ಟು ಸುಖವಾಗಿ ಆಮೇಲೆ ಯಾವತ್ತೂ ಓದಲಿಲ್ಲ. ಒಣಗಿದ ಕಾಯಿಯ ವಾಸನೆ ಮೂಗಿಗೆ ಬಡಿದರೆ ಇಂಗ್ಲಿಷ್ ವ್ಯಾಕರಣ ನೆನಪಾಗಿ ಕಣ್ಣು ತುಂಬುವವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಈಚೆಗೆ ಅತ್ತೆಗೆ ಕಿವಿ ಮಂದವಾಗಿದೆ. ಯಂತ್ರ ಹಾಕಿಸಿದರೆ ಗುಂಯ್ ಎನ್ನುತ್ತದೆಂದು ತೆಗೆದಿಡುತ್ತಾರೆ. ಹೋದ ವಾರ ಅಟ್ಟದಿಂದ ಕಾಯಿ ಇಳಿಸಿದಾಗ ಒಂದನ್ನು ಕಿವಿಗೆ ಹಿಡಿದು ಬಹಳ ಹೊತ್ತು ಅಲ್ಲಾಡಿಸಿದರು. ‘ಯಾವ ಕಾಯಲ್ಲೂ ನೀರೇ ಇಲ್ಲ ಅನ್ಸುತ್ತೆ ಕಣೇ’ ಎಂದು ನನ್ನ ಕೈಗೆ ಕೊಟ್ಟರು. ಅಲ್ಲಾಡಿಸಿದೆ. ಗುಳುಗುಳು ಎಂದಿತು. ಕಾಯನ್ನು ಮಡಿಲಲ್ಲಿಟ್ಟುಕೊಂಡೆ.

‘ಹೋಗ್ಲಿ ಬುಡು. ಆ ಪಿಯಾನೋ ಮಾವಂದು ಹೇಳು, ಕೇಳಾನ’ ಎಂದರು.

ಹೇಳಿದೆ. ಗೈಡಿನಲ್ಲಿದ್ದ ಹಾಗೇ, ಒಂದಕ್ಷರ ಬಿಡದೆ, ಗಂಟಲು ಕಿತ್ತುಹೋಗುವಂತೆ ಕೂಗಿ ಹೇಳಿದೆ. ಅತ್ತೆ ನನ್ನ ತುಟಿಯನ್ನೇ ನೋಡುತ್ತಿದ್ದು, ಮುಗಿದ ಮೇಲೆ ತಲೆಯಾಡಿಸಿದರು.

‘ಈಗ ಸರಿಹೋಯ್ತು ಕಣೇ. ಒಂದು ತೊಟ್ಟೂ ನೀರಿಲ್ಲ.’

ಹೂಂ ಕಣತ್ತೆ ಎಂದು, ಆ ಕಾಯನ್ನು ಅವರಿಗೆ ಕಾಣದಂತೆ ಮತ್ತೆ ಅಟ್ಟಕ್ಕೆ ಇಟ್ಟು ಬಂದೆ.