ಆಗಿಬರದ ಕಲ್ಲು

ಜುಲೇಖಾಬಿ ಖಾಲಾ ವಜ್ರ ನೋಡುವ ಮೊದಲು ಕೈ ತೊಳೆದುಕೊಳ್ಳುತ್ತಿದ್ದಳು. ಆಮೇಲೆ ಅಂಗಳಕ್ಕೆ ಹೋಗಿ ತಲೆ ಎತ್ತಿ ಆಕಾಶ ನೋಡುತ್ತಿದ್ದಳು. ಬಿಸಿಲು ಚುರುಗುಟ್ಟುತ್ತಿದ್ದರೆ ಕಲ್ಲಿನ ಗಂಟು ಬಿಚ್ಚುತ್ತಲೇ ಇರಲಿಲ್ಲ. ಶಹಾಪುರದಲ್ಲಿ ಬಿಸಿಲಿಲ್ಲದ ದಿನಗಳು ಎಷ್ಟು ಸಿಕ್ಕಾವು? ಹೀಗಾಗಿ ಎಷ್ಟೋ ಸಲ ಆಕೆ ಸುರಪುರದಿಂದ, ಯುದ್ಧಕಾಲದ ಆ ಇದ್ದಿಲಿನ ಬಸ್ಸಿನಲ್ಲಿ ಹೊಗೆ ಕುಡಿಯುತ್ತ ಬಂದು, ನಮ್ಮ ಪಡಸಾಲೆಯಲ್ಲಿ ಕೂತು, ಊರ ಸುದ್ದಿಯನ್ನೆಲ್ಲ ಹೇಳಿ, ಕಲ್ಲು ತೋರಿಸದೆ ಎದ್ದು ಹೋದದ್ದುಂಟು. ಅವ್ವ ಬೇಸರಪಟ್ಟುಕೊಂಡರೆ ಆಕೆಯ ಉತ್ತರ ಸಿದ್ಧವಿರುತ್ತಿತ್ತು.

"ಬಿಸಿಲಾಗ ಬಾಟ್ಲಿ ಚೂರೂ ಮಿಂಚತದ್ರಿ ಅವ್ವಾರ. ಮೋಡ ಇದ್ದಾಗ ಯಾವುದು ಮಾರಿ ಎತ್ತಿ ನೋಡತದ, ಅದು ಕಲ್ಲು."

ಆಕೆ ನಮಗೆ ಬಳಗವಲ್ಲ. ಆದರೆ ಓಣಿಯ ಹುಡುಗಿಯರೆಲ್ಲ ಖಾಲಾ, ಅಂದರೆ ಚಿಕ್ಕವ್ವ, ಎಂದೇ ಕರೆಯುತ್ತಿದ್ದೆವು. ಎತ್ತರದ ಹೆಂಗಸು. ಕಪ್ಪು ಬುರ್ಖಾ ಒಗೆದು ಒಗೆದು ಕಂದಾಗಿತ್ತು. ಹೊಸ್ತಿಲು ದಾಟಿದೊಡನೆ ಅದರ ಮುಸುಕನ್ನು ಹಿಂದಕ್ಕೆ ಎಸೆದು, ಉಸ್ಸೆಂದು ಗೋಡೆಗೆ ಒರಗುವುದು ಆಕೆಯ ಪದ್ಧತಿ. ಗಂಡ ಹೈದರಾಬಾದಿನ ಒಂದು ಜವೇರಿ ಅಂಗಡಿಯಲ್ಲಿ ಹರಳು ಆರಿಸುವ ಕೆಲಸಕ್ಕಿದ್ದವನು. ಮಕ್ಕಳಿಲ್ಲದ ಮನೆಯಲ್ಲಿ ಹೆಂಡತಿಗೆ ಅದನ್ನೇ ಕಲಿಸಿದ್ದ. ಅವನು ತೀರಿಕೊಂಡ ಮೇಲೆ ಖಾಲಾ ಸುರಪುರದಲ್ಲಿದ್ದ ಅಣ್ಣನ ಮನೆಗೆ ಬಂದಳು. ಅಲ್ಲಿ ಆಕೆಗೆ ಸಿಕ್ಕಿದ್ದು ಹಿತ್ತಲಿನ ಒಂದು ಕೋಣೆ ಮತ್ತು ಅತ್ತಿಗೆಯ ಗೊಣಗಾಟ.

ಗಂಡಸು ಜವೇರಿಗಳು ಪಡಸಾಲೆ ದಾಟಿ ಒಳಗೆ ಬರುವಂತಿರಲಿಲ್ಲ, ಈಕೆ ಅಡುಗೆಮನೆಯ ಬಾಗಿಲವರೆಗೂ ಬರಬಹುದಿತ್ತು. ಅದೇ ಆಕೆಯ ಬದುಕಾಯಿತು. ಯಾದಗಿರಿಯಿಂದ ರೈಲು ಹತ್ತಿ ಹೈದರಾಬಾದಿಗೆ ಹೋಗಿ ಕಲ್ಲು ತರುವಳು, ಮನೆಮನೆಯ ಹೆಂಗಸರಿಗೆ ತೋರಿಸುವಳು, ಮಾರಿಸಿದ್ದರಲ್ಲಿ ಸ್ವಲ್ಪ ದಲ್ಲಾಳಿ ಹಣ ಪಡೆಯುವಳು. ಒಂದೇ ಒಂದು ಆಸೆ ಇತ್ತು ಆಕೆಗೆ. ಅಣ್ಣನ ಓಣಿಯ ತುದಿಗೆ ಎರಡು ಖೋಲಿಯ ಒಂದು ಮನೆ ಮಾರಾಟಕ್ಕಿತ್ತು. ಅದರ ಬಾಗಿಲು ಉತ್ತರಕ್ಕೆ. ಕಲ್ಲು ನೋಡುವುದಕ್ಕೆ ಉತ್ತರದ ಬೆಳಕಿನಂಥದ್ದು ಇನ್ನೊಂದಿಲ್ಲ ಎಂದು ಆಕೆ ಆ ಮನೆಯನ್ನು ಮನಸ್ಸಿನಲ್ಲೇ ಕೊಂಡು, ಅಂಗಳದಲ್ಲಿ ಮಲ್ಲಿಗೆ ಬಳ್ಳಿಯನ್ನೂ ಹಬ್ಬಿಸಿಬಿಟ್ಟಿದ್ದಳು. ಒಂದು ದೊಡ್ಡ ವ್ಯಾಪಾರ ಕುದುರಲಿ, ಸಾಕು ಎನ್ನುತ್ತಿದ್ದಳು.

ನಮ್ಮ ಮನೆಯಲ್ಲಿ ಆಕೆಗೆಂದು ಒಂದು ಚಹಾ ಬಟ್ಟಲು ಪಡಸಾಲೆಯ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಆಗಿನ ಕಾಲ ಹಾಗಿತ್ತು ಎಂದು ಹೇಳಿ ಕೈ ತೊಳೆದುಕೊಳ್ಳಬಹುದು, ಆದರೂ ಈಗ ನೆನೆದರೆ ನಾಚಿಕೆಯಾಗುತ್ತದೆ. ಖಾಲಾ ಬಂದವಳೇ ತಾನೇ ಹೋಗಿ ಅದನ್ನು ತೆಗೆದುಕೊಂಡು, ನನ್ನ ಸಾಹೇಬ ಇಲ್ಲೇ ನಿಂತು ಹಾದಿ ಕಾಯುತ್ತಾನೆ ನೋಡು ಎಂದು ನಗುತ್ತಿದ್ದಳು.

ಹದಿನೈದು ದಾಟಿದ ನನಗೆ ಕನಸು ಬೀಳುವ ರೋಗ. ರಾತ್ರಿ ಕಂಡದ್ದನ್ನೆಲ್ಲ ಬೆಳಿಗ್ಗೆ ಸಿಕ್ಕವರಿಗೆ ವಿಸ್ತಾರವಾಗಿ ಹೇಳುತ್ತಿದ್ದೆ. ಮನೆಯವರು ಓಡುತ್ತಿದ್ದರು, ಖಾಲಾ ಮಾತ್ರ ಕೂತು ಕೇಳುತ್ತಿದ್ದಳು. ಅದಕ್ಕೆ ಪ್ರತಿಯಾಗಿ ಕಲ್ಲು ನೋಡುವುದನ್ನು ಕಲಿಸಿದಳು. ಹರಳನ್ನು ಅಂಗೈಯಲ್ಲಿ ಇಟ್ಟುಕೊಳ್ಳಬಾರದು, ಮುಂಗೈಯ ಮೇಲೆ ಎರಡು ಬೆರಳಿನ ಸಂದಿಯಲ್ಲಿ ಕೂಡಿಸಬೇಕು. ಹಳದಿ ಛಾಯೆ ಇದ್ದರೆ ಅಲ್ಲಿ ಕಂಡುಬಿಡುತ್ತದೆ. ಆಮೇಲೆ ಬಾಯಿಯ ಹಬೆ ಬಿಡಬೇಕು. ಗಾಜಿನ ಮೇಲೆ ಹಬೆ ಕೂತುಕೊಳ್ಳುತ್ತದೆ, ವಜ್ರದ ಮೇಲೆ ನಿಲ್ಲುವುದೇ ಇಲ್ಲ. ಕಡೆಗೆ ಮಡಿಚಿದ ಬಿಳಿ ಕಾಗದದಲ್ಲಿಟ್ಟು ಪಕ್ಕದಿಂದ ನೋಡಬೇಕು. ಒಳಗೆ ಚುಕ್ಕಿ ಇದೆಯೇ, ಎಳೆ ಇದೆಯೇ, ಕಾಗೆ ಕಾಲಿನಂಥ ಬಿರುಕಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಕಲ್ಲಿನ ಒಳಹೊಳಪಿಗೆ ಆಕೆ ನೀರು ಎನ್ನುತ್ತಿದ್ದಳು. ದೊಡ್ಡ ಕಲ್ಲಿಗೆ ಮರುಳಾಗುವವರನ್ನು ಕಂಡರೆ ಆಕೆಗೆ ತಮಾಷೆ. ಗಾತ್ರ ಕುರುಡರಿಗೂ ತಿಳಿಯುತ್ತದೆ, ನೀರು ನೋಡು ಎಂದು ನನ್ನ ತಲೆಗೆ ಮೊಟಕುತ್ತಿದ್ದಳು.

ಆಭರಣದಲ್ಲಿ ಕೂತ ಕಲ್ಲಿನ ಬಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಹಳೆಯ ಕೆಲಸದಲ್ಲಿ ಕಲ್ಲಿನ ಹಿಂದೆ ಹೊಳೆಯುವ ತೆಳು ತಗಡು ಹಾಕಿ ಮುಚ್ಚಿರುತ್ತಾರೆ. ಹೊಳೆಯುವುದು ಕಲ್ಲೋ ತಗಡೋ ಯಾರಿಗೆ ಗೊತ್ತು? ನಮ್ಮ ಎದುರು ಮನೆಯಾಕೆಗೆ ತನ್ನ ಬೆಂಡೋಲೆಯ ಮೇಲೆ ಬಹಳ ಜಂಬ. ಅದಕ್ಕೆ ಬೆಲೆ ಕಟ್ಟು ಎಂದು ಖಾಲಾಳನ್ನು ಬೆನ್ನು ಹತ್ತಿದಳು. ಪತ್ತಾರನನ್ನು ಕರೆಸಿ ಕಲ್ಲು ಬಿಡಿಸಿದ್ದಾಯಿತು. ತಗಡಿನಿಂದ ಹೊರಬಂದ ಕಲ್ಲು ಅಕ್ಕಿ ತೊಳೆದ ನೀರಿನಂತೆ ಮಂಕಾಗಿತ್ತು. ಖಾಲಾ ಒಂದು ಗಳಿಗೆ ನೋಡಿ, ಮತ್ತೆ ಮೊದಲಿನ ಹಾಗೆಯೇ ಕೂಡಿಸಲು ಹೇಳಿದಳು. "ನಿಮ್ಮ ಕಿವಿಗೆ ಬಾಳ ಚೊಲೊ ಒಪ್ಪತದ್ರಿ ಅಕ್ಕಾರ. ಮಾರಾಕ ಮಾತ್ರ ಒಯ್ಯಬ್ಯಾಡ್ರಿ," ಎಂದಳು. ಎದುರು ಮನೆಯಾಕೆ ಸಾಯುವವರೆಗೂ ಅದನ್ನು ಜಂಬದಿಂದಲೇ ತೊಟ್ಟುಕೊಂಡಳು.

ವಜ್ರ ತಲೆಮಾರುಗಳ ಆಸ್ತಿ ಎಂದು ಅಪ್ಪ ಹೇಳುತ್ತಿದ್ದ. ಹೌದೇ ಎಂದು ನಾನೊಮ್ಮೆ ಖಾಲಾಳನ್ನು ಕೇಳಿದೆ. ಗಂಡ ಬದುಕಿದ್ದಾಗ ಪಗಾರದಲ್ಲಿ ಹಿಡಿಸಿಕೊಂಡು ತಾನಿದ್ದ ಅಂಗಡಿಯಿಂದಲೇ ಆಕೆಗೊಂದು ಕಲ್ಲು ತಂದಿದ್ದನಂತೆ. ಅವನು ಸತ್ತ ಮೇಲೆ ಕಷ್ಟಕ್ಕಾದೀತು ಎಂದು ಅಲ್ಲಿಗೇ ತಿರುಗಿ ಒಯ್ದಳಂತೆ.

"ಅದ ದುಕಾನ, ಅದ ಗಾದಿ, ಅದ ಮನಷ್ಯಾ. ಕೊಡೂ ಮುಂದ ಕಲ್ಲಿನಾಗ ಇದ್ದ ನೀರು, ತಿರುಗಿ ತಗೊಳ್ಳೂ ಮುಂದ ಬತ್ತಿ ಹೋಗಿತ್ತು ಬೇಟಿ. ಅರ್ಧಾನೂ ಕೊಡತೀನಿ ಅನ್ನಲಿಲ್ಲ."

ಹಾಗಾದರೆ ಯಾರೂ ಕೊಳ್ಳಲೇಬಾರದೇ ಎಂದೆ. ನೋಡಿ ಸಂತೋಷಪಡುವುದಕ್ಕೆ ಕೊಳ್ಳಲಿ, ಕಷ್ಟಕ್ಕೆ ಆದೀತೆಂದು ಕೊಳ್ಳಬಾರದು ಎಂದಳು. ಆ ಕಲ್ಲು ಏನಾಯಿತು ಎಂದು ಕೇಳಿದ್ದಕ್ಕೆ, ಮಳೆ ಬರುವ ಹಾಗಿದೆ, ಬಸ್ಸು ತಪ್ಪೀತು ಎನ್ನುತ್ತ ಬುರ್ಖಾ ಎಳೆದುಕೊಂಡಳು.

ನಮ್ಮ ಕಡೆ ವಜ್ರವನ್ನು ಕಂಡ ಕೂಡಲೇ ಕೊಳ್ಳುತ್ತಿರಲಿಲ್ಲ. ಒಂದು ಸಂತೆಯಿಂದ ಮುಂದಿನ ಸಂತೆಯವರೆಗೆ ಮನೆಯಲ್ಲಿಟ್ಟುಕೊಂಡು, ತೊಡುವವಳ ತಲೆದಿಂಬಿನ ಕೆಳಗಿಟ್ಟು ನೋಡುತ್ತಿದ್ದರು. ಆ ವಾರದಲ್ಲಿ ಯಾರಾದರೂ ಜಾರಿ ಬಿದ್ದರೆ, ಎಮ್ಮೆ ಹಾಲು ಕೊಡದಿದ್ದರೆ, ನಿದ್ದೆ ಕೆಟ್ಟರೆ ಕಲ್ಲು ಆಗಿಬರಲಿಲ್ಲ ಎಂದು ತಿರುಗಿ ಕೊಡಬಹುದಿತ್ತು. ಆಗಿಬರದ ವಜ್ರ ತೊಟ್ಟವಳ ಗಂಡನಿಗೆ ಕೇಡು ಎಂಬ ನಂಬಿಕೆ ಇದ್ದದ್ದರಿಂದ ಯಾರೂ ಏಕೆ ಎಂದು ಕೇಳುತ್ತಿರಲಿಲ್ಲ. ಗಂಡನ ಕೈ ಬಿಗಿ ಇದ್ದ ಮನೆಗಳಲ್ಲೇ ಎಮ್ಮೆಗಳು ಹೆಚ್ಚಾಗಿ ಹಾಲು ನಿಲ್ಲಿಸುತ್ತಿದ್ದವು ಎಂಬುದನ್ನು ನಾನು ಗಮನಿಸಿದ್ದೆ. ಖಾಲಾಳಿಗೆ ಇದು ಗೊತ್ತಿರಲಿಲ್ಲವೇ? "ಕೈಲೆ ಆಗಂಗಿಲ್ಲ ಅನ್ನಾಕ ಮಂದಿಗೆ ಬಾಯಿ ಬರಂಗಿಲ್ಲ. ಕಲ್ಲಿನ ಮ್ಯಾಲ ಹಾಕತಾರ. ಹಾಕಲಿ, ಕಲ್ಲಿಗೇನು ನೋವಾಗತದ?" ಎನ್ನುತ್ತಿದ್ದಳು.

ನನಗೆ ಸುರಪುರದ ಒಂದು ದೊಡ್ಡ ಮನೆತನದಲ್ಲಿ ಸಂಬಂಧ ನಿಶ್ಚಯವಾಯಿತು. ಆ ಮನೆಗೆ ಬರುವ ಸೊಸೆಯಂದಿರೆಲ್ಲ ವಜ್ರದ ಮೂಗುಬೊಟ್ಟು ಇಟ್ಟುಕೊಂಡೇ ಹೊಸ್ತಿಲು ತುಳಿದವರು, ನಿಮ್ಮ ಹುಡುಗಿಯೂ ಹಾಗೇ ಬರಲಿ ಎಂದು ಅತ್ತೆಯಾಗುವವರು ಹೇಳಿ ಕಳಿಸಿದರು. ಬಜಾರಿನಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಅಪ್ಪ, ಊರೆಲ್ಲ ತನ್ನನ್ನು ಸಾಹುಕಾರ ಎನ್ನುತ್ತದೆಂಬ ಒಂದೇ ಧೈರ್ಯದ ಮೇಲೆ ಆಗಲಿ ಎಂದುಬಿಟ್ಟ.

ಖಾಲಾ ಕಲ್ಲು ತಂದಳು. ಹಿಂದಿನ ದಿನ ಮಳೆಯಾಗಿ, ಬೆಳಿಗ್ಗೆ ತೆಳುವಾದ ಮೋಡ ಕವಿದಿತ್ತು. ಆಕೆ ಹೇಳುವ ಮೊದಲೇ ನಾನು ಕೈ ತೊಳೆದು ಬಂದೆ. ಮುಂಗೈಯ ಮೇಲೆ ಇಟ್ಟರೆ ಆ ಕಲ್ಲಿಗೆ ಬಣ್ಣವೇ ಇಲ್ಲ, ಬರೀ ಬೆಳಕು. ಹಬೆ ಬಿಟ್ಟರೆ ಬಿಟ್ಟದ್ದೇ ಸುಳ್ಳೆಂಬಂತೆ ಮಾಯವಾಯಿತು. ಅದರ ದೋಷವನ್ನೂ ಆಕೆಯೇ ಅಪ್ಪನಿಗೆ ತೋರಿಸಿದಳು. ಅಂಚಿನ ಹತ್ತಿರ ಸಾಸಿವೆ ಸಿಪ್ಪೆಯ ಚೂರಿನಂಥ ಕಂದು ಚುಕ್ಕಿ, ಅದಕ್ಕೆ ತಾಗಿದಂತೆ ಕೂದಲಿನಷ್ಟು ತೆಳುವಾದ ಒಂದು ಎಳೆ. ಬಂಗಾರದಲ್ಲಿ ಕೂಡಿಸಿದರೆ ಮುಚ್ಚಿಹೋಗುತ್ತದೆ, ಆದರೆ ಇಲ್ಲವೆಂದು ಹೇಳುವುದಿಲ್ಲ ಎಂದಳು. ಯಾರ ಕಲ್ಲು ಎಂದು ಅಪ್ಪ ಕೇಳಿದ. ಹೈದರಾಬಾದಿನದು, ಒಳ್ಳೆಯ ಮನೆಯದು ಎಂದಳು. ಆ ದಿನ ಆಕೆಯ ಮುಖದಲ್ಲಿದ್ದ ಕಳೆ ನಾನು ಮತ್ತೆಂದೂ ಕಾಣಲಿಲ್ಲ. ಆ ಎರಡು ಖೋಲಿಯ ಮನೆಗೆ ಯಾವ ಬಣ್ಣದ ಸುಣ್ಣ ಹೊಡೆಸಬೇಕು ಎಂಬುದರವರೆಗೆ ಮಾತಾಡಿ ಹೋದಳು.

ಸಂತೆಗೆ ಇನ್ನೂ ಎರಡು ದಿನ ಇರುವಾಗ, ಕಲ್ಲು ಹೇಗೆ ಹೊಂದುತ್ತಿದೆ ಎಂದು ನೋಡಲು ಬಂದಳು. ಪಡಸಾಲೆಯಲ್ಲಿ ಅವ್ವನ ಪೆಟ್ಟಿಗೆ ತೆರೆದು ಬಿದ್ದಿತ್ತು. ಕೈಯ ಪಾಟಲಿ, ತೋಳಿನ ವಂಕಿ, ಕೊರಳಿನ ಟೀಕೆ, ತವರಿನಿಂದ ತಂದ ಸರ, ಎಲ್ಲವೂ ಒಂದು ಬಟ್ಟೆಯ ಮೇಲೆ. ಪತ್ತಾರ ಆಗಷ್ಟೇ ತೂಗಿ ಹೋಗಿದ್ದ. ಅಪ್ಪನ ಅಂಗಡಿಯಿಂದ ವಜ್ರದ ದುಡ್ಡು ಏಳುವಂತಿರಲಿಲ್ಲ, ಅವ್ವನ ಬಂಗಾರವೇ ಹೋಗಬೇಕಿತ್ತು. ಬರೀ ಗಾಜಿನ ಬಳೆಯ ಆ ಕೈಗಳನ್ನು ನಾನು ಮೊದಲ ಸಲ ನೋಡಿದ್ದು ಅಂದೇ. ಅವ್ವ ಅಳಲಿಲ್ಲ. ಬಟ್ಟೆಯ ಅಂಚು ಸರಿಮಾಡುತ್ತ ಕೇಳಿದಳು.

"ಜುಲೇಖಾಬಿ, ಇದೆಲ್ಲಾ ಹೋಗಿ ಅದೊಂದು ಆಗತದ. ನಾಳಿ ನಮಗಾಗಲಿ ಆಕಿಗಾಗಲಿ ಅಡಚಣಿ ಬಂದ್ರ, ಅದು ಇದರಷ್ಟು ಕೈ ಹಿಡಿತದೇನು?"

ಖಾಲಾ ಚಹಾದ ಬಟ್ಟಲನ್ನು ಕೆಳಗಿಟ್ಟಳು. ಬಹಳ ಹೊತ್ತು ಆ ಬಟ್ಟೆಯನ್ನೇ ನೋಡಿದಳು. ಬಿಸಿ ಚಹಾ ಆರಿಹೋಯಿತು. ಆಮೇಲೆ ನನ್ನನ್ನು ಹತ್ತಿರ ಕರೆದು, ನಿದ್ದೆ ಹೇಗೆ ಬರುತ್ತಿದೆ ಎಂದು ಕೇಳಿದಳು. ಚೆನ್ನಾಗಿ ಬರುತ್ತಿದೆ ಎಂದೆ. ಕನಸು? ಒಂದೂ ಬೀಳಲಿಲ್ಲ ಎಂದೆ, ಹಾಗೆ ಹೇಳಿದರೆ ಕಲ್ಲಿಗೆ ಒಳ್ಳೆಯ ಹೆಸರು ಬರುತ್ತದೆಂದು ತಿಳಿದು.

"ದಿನಾ ಕನಸು ಹೇಳಿ ತಲಿ ತಿನ್ನೂ ಹುಡುಗಿಗೆ ಒಂದೂ ಬೀಳಲಿಲ್ಲ?" ಎಂದು ಅವ್ವನ ಕಡೆ ತಿರುಗಿದಳು. "ಅವ್ವಾರ, ಈ ಕಲ್ಲು ನಿಮ್ಮ ಹುಡುಗಿಗೆ ಆಗಿಬರೂದಿಲ್ಲ. ಬಂಗಾರ ಒಳಗ ಇಡ್ರಿ."

ಅಪ್ಪ ಕೂಗಾಡಿದ. ಬೇರೆ ಕಲ್ಲು ತಾ ಎಂದ. ಹುಡುಗಿಗೆ ವಜ್ರದ ಜಾತಿಯೇ ಆಗಿಬರುವುದಿಲ್ಲ, ಮುತ್ತು ಹಾಕಿಸಿರಿ ಎಂದು ಖಾಲಾ ಹಟ ಹಿಡಿದಳು. ಅಷ್ಟಕ್ಕೇ ಬಿಡದೆ ಸುರಪುರಕ್ಕೆ ಹೋಗಿ ನನ್ನ ಅತ್ತೆಯ ಮುಂದೆಯೂ ಕೂತಳು. ಯಾರಿಗೂ ಜಗ್ಗದ ಆ ಹೆಣ್ಣುಮಗಳು, ಮಗನಿಗೆ ಕೇಡು ಎಂಬ ಒಂದು ಮಾತಿಗೆ ಬೆವತುಹೋದರಂತೆ. ವಜ್ರ ನಮ್ಮ ಹೊಸ್ತಿಲ ಹತ್ತಿರವೂ ಬರಬಾರದು ಎಂದು ಅವರೇ ಹೇಳಿ ಕಳಿಸಿದರು. ನಾನು ಮುತ್ತಿನ ಮೂಗುಬೊಟ್ಟಿಟ್ಟು ಮದುವೆಯಾದೆ. ಚೆನ್ನಾಗಿ ನಿದ್ದೆ ಮಾಡಿದ್ದೇ ತಪ್ಪಾಯಿತಲ್ಲ ಎಂದು ಖಾಲಾಳ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಅವ್ವ ಮಾತ್ರ ಗೂಡಿನಲ್ಲಿದ್ದ ಆ ಬಟ್ಟಲನ್ನು ಒಳಗೆ ತಂದು ನಮ್ಮ ಬಟ್ಟಲುಗಳ ಸಾಲಿನಲ್ಲಿಟ್ಟಳು.

ಕೆಲವು ವರ್ಷಗಳ ಮೇಲೆ ರಜಾಕಾರರ ಹಾವಳಿ ಬಂತು. ಅಪ್ಪ ಅಂಗಡಿಗೆ ಬೀಗ ಹಾಕಿ, ನನ್ನನ್ನೂ ನನ್ನ ಗಂಡನನ್ನೂ ಸೇರಿಸಿ ಎಲ್ಲರನ್ನೂ ಕಟ್ಟಿಕೊಂಡು ನಿಜಾಮರ ಗಡಿ ದಾಟಿ ತಾಳಿಕೋಟೆಗೆ ಹೋದ. ಅಲ್ಲಿ ನಮ್ಮ ನಿಜಾಮಶಾಹಿ ರೂಪಾಯಿಯನ್ನು ಜನ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಅವ್ವನ ಪಾಟಲಿಯನ್ನು ಮಾತ್ರ, ನಮ್ಮ ಮುಖ ಎಂದೂ ಕಾಣದ ಪತ್ತಾರನೊಬ್ಬ ಒರೆಗೆ ಹಚ್ಚಿ, ತೂಕಕ್ಕಿಟ್ಟು, ಮಾತಿಲ್ಲದೆ ದುಡ್ಡು ಎಣಿಸಿದ. ಆ ದಿನಗಳಲ್ಲಿ ಮನೆಮಂದಿ ಉಂಡದ್ದು ಅವ್ವನ ಪೆಟ್ಟಿಗೆಯಿಂದ. ನಿಜಾಮರ ಆಳಿಕೆ ಮುಗಿದು ನಾವು ಊರಿಗೆ ತಿರುಗಿ ಬರುವ ಹೊತ್ತಿಗೆ ಹೆದರಿ ಬಾಗಿಲು ಹಾಕಿಕೊಳ್ಳುವ ಸರದಿ ಖಾಲಾಳ ಓಣಿಯದಾಗಿತ್ತು.

ಆಮೇಲೆ ಗಂಡನ ಕೆಲಸದ ಸಲುವಾಗಿ ನಾವು ರಾಯಚೂರಿಗೆ ಹೋದೆವು. ಖಾಲಾಳನ್ನು ಕಡೆಯ ಸಲ ನೋಡಿದ್ದು ಒಂದು ಶ್ರಾವಣದಲ್ಲಿ. ಆ ಚಳಿಗಾಲ ಕಳೆಯುವುದರೊಳಗೆ ಆಕೆ ತೀರಿಕೊಂಡಳು. ನಾನು ಹೋದಾಗ ಇದ್ದದ್ದು ಅಣ್ಣನ ಮನೆಯ ಅದೇ ಹಿತ್ತಲ ಕೋಣೆಯಲ್ಲಿ. ಓಣಿಯ ತುದಿಯ ಮನೆ ಎಂದೋ ಬೇರೆಯವರ ಪಾಲಾಗಿತ್ತು. ಖಾಲಾಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನನ್ನನ್ನು ದನಿಯಿಂದ ಗುರುತು ಹಿಡಿದು, ಇನ್ನೂ ಕನಸು ಬೀಳುತ್ತವೆಯೇ ಎಂದು ಕೇಳಿ ನಕ್ಕಳು. ಆಮೇಲೆ ಹಾಸಿಗೆಯ ಕೆಳಗಿನಿಂದ ಬಟ್ಟೆಯ ಒಂದು ಸಣ್ಣ ಗಂಟು ತೆಗೆದಳು. ಅಣ್ಣನ ಮೊಮ್ಮಗಳ ಕೈಗೆ ಕೊಟ್ಟು ಹೋಗಬೇಕೆಂದಿದ್ದೇನೆ, ಒಂದು ಸಲ ನೋಡಿ ಹೇಳು, ನನಗೀಗ ಕಾಣುವುದಿಲ್ಲ ಎಂದಳು.

ನಾನು ಕೈ ತೊಳೆದುಕೊಂಡು ಬಂದೆ. ಬಾಗಿಲಲ್ಲಿ ನಿಂತು ಆಕಾಶ ನೋಡಿದೆ. ಮೋಡವಿತ್ತು. ಕಲ್ಲನ್ನು ಮುಂಗೈಯ ಮೇಲಿಟ್ಟುಕೊಂಡೆ, ಕಾಗದದಲ್ಲಿಟ್ಟು ಪಕ್ಕದಿಂದ ನೋಡಿದೆ. ಅಂಚಿನ ಹತ್ತಿರ ಸಾಸಿವೆ ಸಿಪ್ಪೆಯ ಚೂರು, ಅದಕ್ಕೆ ತಾಗಿದಂತೆ ಆ ಎಳೆ. ಗಂಡ ಪಗಾರದಲ್ಲಿ ಹಿಡಿಸಿಕೊಂಡು ತಂದ ಕಲ್ಲು, ಅಂಗಡಿಯವನು ತಿರುಗಿ ತೆಗೆದುಕೊಳ್ಳದ ಕಲ್ಲು, ನನ್ನ ತಲೆದಿಂಬಿನ ಕೆಳಗೆ ಮಲಗಿದ್ದ ಕಲ್ಲು, ಮೂರೂ ಒಂದೇ. ಅಂದು ಅವ್ವನ ಬಂಗಾರದ ಎದುರು ಖಾಲಾ ಕೂತಿದ್ದಾಗ ಬಿಟ್ಟುಕೊಟ್ಟದ್ದು ದಲ್ಲಾಳಿ ಹಣವನ್ನಲ್ಲ, ಉತ್ತರದ ಬಾಗಿಲಿನ ಆ ಮನೆಯನ್ನು.

"ಇದು ನಿಮ್ಮದ ಇತ್ತೇನು ಖಾಲಾ?" ಎಂದೆ.

"ನಿನಗ ಆಗಿಬರಲಿಲ್ಲಲ್ಲ ಬೇಟಿ. ಅದಕ್ಕ ನನ್ನ ಹತ್ರನ ಉಳೀತು," ಎಂದಳು. ಅದರ ಬಗ್ಗೆ ಇನ್ನೇನೂ ಹೇಳಲು ಬಿಡಲಿಲ್ಲ. ಕಲ್ಲಿನ ನೀರು ಹೇಗಿದೆ ಎಂದು ಕೇಳಿದಳು. ಹಾಗೇ ಇದೆ ಎಂದೆ. ಬಾಯಿಮಾತು ಬೇಡ, ಹಬೆ ಬಿಟ್ಟು ನೋಡು ಎಂದಳು. ಬಿಟ್ಟೆ.

"ಹೋಯ್ತೇನು?"

ನನ್ನ ಕಣ್ಣು ತುಂಬಿ ಕಲ್ಲೂ ಕಾಣುತ್ತಿರಲಿಲ್ಲ, ಕೈಯೂ ಕಾಣುತ್ತಿರಲಿಲ್ಲ. ಹೋಯಿತು ಖಾಲಾ, ಬಿಟ್ಟ ಕೂಡಲೇ ಹೋಯಿತು ಎಂದೆ.